ಮಧುಮೇಹ, ರಕ್ತದೊತ್ತಡ ಮತ್ತು ಕೊಬ್ಬಿನಂಶ ನಿಯಂತ್ರಣದ ಔಷಧಗಳು: ಪ್ರಯೋಜನಗಳು, ಅಡ್ಡಪರಿಣಾಮಗಳು ಮತ್ತು ಲಭ್ಯವಿರುವ ಸೇವೆಗಳು

ಪೀಠಿಕೆ

1898ರಲ್ಲಿ ಬೆಂಗಳೂರಿನಲ್ಲಿ ಪ್ಲೇಗ್ ಹರಡಿದ ನಂತರ, ಕಿಕ್ಕಿರಿದ ಪೇಟೆಯ ಜನರಿಗೆ ಗಾಳಿ ಬೆಳಕು ದೊರೆಯಬೇಕೆಂಬ ಉದ್ದೇಶದಿಂದ ಬಸವನಗುಡಿ ಮತ್ತು ಮಲ್ಲೇಶ್ವರಂ ಬಡಾವಣೆಗಳನ್ನು ಬೆಳೆಸಲಾಯಿತು. ಅದಕ್ಕೂ ಮೊದಲೇ ರೂಪುಗೊಂಡಿದ್ದ ಚಾಮರಾಜಪೇಟೆಯ ಸಮೀಪದಲ್ಲಿ 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆರಂಭವಾಯಿತು. ಅಂದಿನ ಭಯ ಸಾಂಕ್ರಾಮಿಕ ರೋಗದ್ದಾಗಿತ್ತು. ಇಂದು ಇದೇ ಬಡಾವಣೆಗಳ ಮನೆಗಳಲ್ಲಿ ಹೆಚ್ಚಾಗಿ ಕಂಡುಬರುವವು ಒಬ್ಬರಿಂದೊಬ್ಬರಿಗೆ ಹರಡದ, ಆದರೆ ಜೀವನಪರ್ಯಂತ ಜೊತೆಗಿರುವ ಕಾಯಿಲೆಗಳು: ಮಧುಮೇಹ, ಅಧಿಕ ರಕ್ತದೊತ್ತಡ, ರಕ್ತದಲ್ಲಿ ಹೆಚ್ಚಿದ ಕೊಬ್ಬಿನಂಶ, ಸ್ಥೂಲಕಾಯ ಮತ್ತು ಥೈರಾಯ್ಡ್ ಕೊರತೆ. ಇವುಗಳನ್ನು ಒಟ್ಟಾಗಿ ಚಯಾಪಚಯ ಸಂಬಂಧಿ ಕಾಯಿಲೆಗಳೆಂದು ಕರೆಯಬಹುದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಪ್ರಕಾರ, ದೇಶದ ವಯಸ್ಕರಲ್ಲಿ ಶೇ. 11.4ರಷ್ಟು ಜನರಿಗೆ ಮಧುಮೇಹವೂ, ಶೇ. 15.3ರಷ್ಟು ಜನರಿಗೆ ಮಧುಮೇಹ ಪೂರ್ವ ಸ್ಥಿತಿಯೂ, ಶೇ. 35.5ರಷ್ಟು ಜನರಿಗೆ ಅಧಿಕ ರಕ್ತದೊತ್ತಡವೂ ಇದೆ.

ಈ ಕಾಯಿಲೆಗಳಿಗೆ ಪರಿಣಾಮಕಾರಿ ಔಷಧಗಳು ಲಭ್ಯವಿವೆ. ಆದರೆ ಇವುಗಳ ಪ್ರಯೋಜನ ಕಣ್ಣಿಗೆ ಕಾಣುವುದಿಲ್ಲ. ಅಡ್ಡಪರಿಣಾಮ ಮಾತ್ರ ಮೈಗೆ ತಿಳಿಯುತ್ತದೆ. ಹತ್ತು ವರ್ಷಗಳ ನಂತರ ಬರಬಹುದಾಗಿದ್ದ ಪಾರ್ಶ್ವವಾಯು ಬಾರದೇ ಹೋದಾಗ ಯಾರಿಗೂ ಅದರ ಅರಿವಾಗುವುದಿಲ್ಲ. ಈ ದಿನದ ಹೊಟ್ಟೆ ತೊಳಸು ಕೂಡಲೇ ಅರಿವಾಗುತ್ತದೆ. ಈ ಕಾರಣದಿಂದ ಅನೇಕರು ವೈದ್ಯರಿಗೆ ತಿಳಿಸದೆಯೇ ಮಾತ್ರೆಗಳನ್ನು ನಿಲ್ಲಿಸುತ್ತಾರೆ. ಅಡ್ಡಪರಿಣಾಮಗಳಲ್ಲಿ ಹೆಚ್ಚಿನವುಗಳಿಗೆ ಪರಿಹಾರವಿದೆ. ಹೇಳದೆ ನಿಲ್ಲಿಸಿದ ಔಷಧದಿಂದಾಗುವ ಹಾನಿಗೆ ಅನೇಕ ಸಂದರ್ಭಗಳಲ್ಲಿ ಪರಿಹಾರವಿಲ್ಲ. ಈ ವಿಷಯವನ್ನು ಸಾರ್ವಜನಿಕರಿಗೆ ಮನವರಿಕೆ ಮಾಡಿಕೊಡುವುದು ಈ ಲೇಖನದ ಉದ್ದೇಶವಾಗಿದೆ.

ಔಷಧದ ಪ್ರಯೋಜನವನ್ನು ಅಳೆಯುವುದು ಹೇಗೆ?

ಕಳೆದ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ಪ್ರಮಾಣವನ್ನು ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆಯು ತೋರಿಸುತ್ತದೆ. ಬ್ರಿಟನ್ನಿನಲ್ಲಿ ಸುಮಾರು ಇಪ್ಪತ್ತು ವರ್ಷಗಳ ಕಾಲ ನಡೆದು 1998ರಲ್ಲಿ ಪ್ರಕಟವಾದ ಬೃಹತ್ ಅಧ್ಯಯನವು, ಸಕ್ಕರೆಯನ್ನು ಬಿಗಿಯಾಗಿ ನಿಯಂತ್ರಿಸಿದವರಲ್ಲಿ ಕಣ್ಣು ಹಾಗೂ ಮೂತ್ರಪಿಂಡಗಳ ಸೂಕ್ಷ್ಮ ರಕ್ತನಾಳಗಳಿಗೆ ಆಗುವ ಹಾನಿಯು ಶೇ. 25ರಷ್ಟು ಕಡಿಮೆಯಾಯಿತೆಂದು ದೃಢಪಡಿಸಿತು. ಕೆಟ್ಟ ಕೊಲೆಸ್ಟರಾಲ್ (ಎಲ್‌ಡಿಎಲ್) ಪ್ರಮಾಣವನ್ನು ಸ್ಟಾಟಿನ್ ಔಷಧದಿಂದ ಡೆಸಿಲೀಟರಿಗೆ ಸುಮಾರು 39 ಮಿ.ಗ್ರಾಂನಷ್ಟು ಇಳಿಸಿದಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯುವಿನಂತಹ ಘಟನೆಗಳು ಸುಮಾರು ಐದನೇ ಒಂದು ಭಾಗ ಕಡಿಮೆಯಾಗುತ್ತವೆ. ಅಂದರೆ, ಮಾತ್ರೆಯ ಲಾಭವು ಆ ದಿನದ ಹುಮ್ಮಸ್ಸಿನಲ್ಲಿ ಕಾಣುವುದಿಲ್ಲ. ಪರೀಕ್ಷಾ ವರದಿಯಲ್ಲಿ ಮತ್ತು ಮುಂದಿನ ವರ್ಷಗಳಲ್ಲಿ ಕಾಣುತ್ತದೆ.

ಪ್ರಮುಖ ಔಷಧಗಳ ವಿವರ

1. ಮೆಟ್‌ಫಾರ್ಮಿನ್

ಮಧುಮೇಹಕ್ಕೆ ಸಾಮಾನ್ಯವಾಗಿ ಮೊದಲು ನೀಡುವ ಔಷಧವಿದು. 1957ರಿಂದ ಬಳಕೆಯಲ್ಲಿದೆ. ಯಕೃತ್ತು ಅನವಶ್ಯಕವಾಗಿ ಸಕ್ಕರೆಯನ್ನು ರಕ್ತಕ್ಕೆ ಬಿಡುವುದನ್ನು ತಡೆಯುತ್ತದೆ. ಇದೊಂದನ್ನೇ ಸೇವಿಸಿದಲ್ಲಿ ಸಕ್ಕರೆ ಅಪಾಯಕರ ಮಟ್ಟಕ್ಕೆ ಕುಸಿಯುವ ಸಂಭವ ತೀರಾ ಕಡಿಮೆ, ತೂಕವೂ ಹೆಚ್ಚುವುದಿಲ್ಲ. ಬೆಲೆಯೂ ಕಡಿಮೆ.

ಅಡ್ಡಪರಿಣಾಮಗಳು: ಆರಂಭದ ವಾರಗಳಲ್ಲಿ ವಾಕರಿಕೆ, ಭೇದಿ, ಬಾಯಲ್ಲಿ ಲೋಹದ ರುಚಿ. ಊಟದೊಂದಿಗೆ ಸೇವಿಸುವುದು, ಕಡಿಮೆ ಪ್ರಮಾಣದಿಂದ ಆರಂಭಿಸುವುದು ಅಥವಾ ನಿಧಾನವಾಗಿ ಕರಗುವ ಮಾತ್ರೆಗೆ ಬದಲಾಯಿಸುವುದರಿಂದ ಬಹುತೇಕರಿಗೆ ಪರಿಹಾರ ದೊರೆಯುತ್ತದೆ. ಮೂತ್ರಪಿಂಡದ ಕಾರ್ಯ ತೀವ್ರವಾಗಿ ಕುಂದಿರುವವರಿಗೆ ಈ ಔಷಧವನ್ನು ಕೊಡುವುದಿಲ್ಲ; ಆದುದರಿಂದ ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ ಪರೀಕ್ಷೆ ಅಗತ್ಯ.

ವಿಶೇಷ ಸೂಚನೆ: ಮೆಟ್‌ಫಾರ್ಮಿನ್ ಅನ್ನು ಹಲವು ವರ್ಷ ಸೇವಿಸಿದವರಲ್ಲಿ ಬಿ12 ಜೀವಸತ್ವದ ಹೀರಿಕೆ ಕಡಿಮೆಯಾಗಬಹುದು. ಈ ಜೀವಸತ್ವವು ಮಾಂಸ, ಮೀನು, ಮೊಟ್ಟೆ ಮತ್ತು ಹಾಲಿನ ಪದಾರ್ಥಗಳಲ್ಲಿ ಮಾತ್ರ ಸಹಜವಾಗಿ ದೊರೆಯುತ್ತದೆ. ಬಸವನಗುಡಿ, ಮಲ್ಲೇಶ್ವರಂ ಭಾಗಗಳಲ್ಲಿ ಸಸ್ಯಾಹಾರಿ ಕುಟುಂಬಗಳು ಹೆಚ್ಚಾಗಿರುವುದರಿಂದ ಇದು ಇಲ್ಲಿನ ನಿವಾಸಿಗಳು ಗಮನಿಸಬೇಕಾದ ಅಂಶ. ಅಂಗಾಲು ಉರಿ, ಜೋಮು, ಮರೆವು, ನಡೆಯುವಾಗ ತೂರಾಡುವಿಕೆ ಕಂಡುಬಂದಲ್ಲಿ "ಸಕ್ಕರೆ ಕಾಯಿಲೆ ಇದ್ದ ಮೇಲೆ ಇದೆಲ್ಲ ಇದ್ದದ್ದೇ" ಎಂದು ಸುಮ್ಮನಿರಬಾರದು. ಬಿ12 ಕೊರತೆಯ ಲಕ್ಷಣಗಳೂ ಮಧುಮೇಹದ ನರದೌರ್ಬಲ್ಯದ ಲಕ್ಷಣಗಳೂ ಒಂದೇ ರೀತಿ ಇರುತ್ತವೆ. ರಕ್ತಪರೀಕ್ಷೆಯಿಂದ ಕೊರತೆಯನ್ನು ಪತ್ತೆಹಚ್ಚಿ, ಕಡಿಮೆ ಬೆಲೆಯ ಮಾತ್ರೆ ಅಥವಾ ಚುಚ್ಚುಮದ್ದಿನಿಂದ ಸರಿಪಡಿಸಬಹುದು. ತಡವಾದಲ್ಲಿ ನರಗಳ ಹಾನಿ ಶಾಶ್ವತವಾಗಿ ಉಳಿಯಬಹುದು.

2. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್

ಇವು ಮೇದೋಜೀರಕ ಗ್ರಂಥಿಯಿಂದ ಹೆಚ್ಚು ಇನ್ಸುಲಿನ್ ಹೊರಡುವಂತೆ ಮಾಡುತ್ತವೆ. ಶೀಘ್ರ ಪರಿಣಾಮ ಮತ್ತು ಕಡಿಮೆ ಬೆಲೆ ಇವುಗಳ ಅನುಕೂಲ. ತೂಕ ಹೆಚ್ಚುವಿಕೆ ಹಾಗೂ ಸಕ್ಕರೆ ಕುಸಿತ ಇವುಗಳ ಮುಖ್ಯ ಅಡ್ಡಪರಿಣಾಮಗಳು. ಮಾತ್ರೆ ಸೇವಿಸಿ ಊಟ ತಡ ಮಾಡಿದಲ್ಲಿ ಅಥವಾ ಬಿಟ್ಟಲ್ಲಿ ಅಪಾಯ ಹೆಚ್ಚು. ವಯೋವೃದ್ಧರಲ್ಲಿ ಹಾಗೂ ಮೂತ್ರಪಿಂಡದ ತೊಂದರೆ ಇರುವವರಲ್ಲಿ ಗ್ಲಿಬೆನ್‌ಕ್ಲಮೈಡ್‌ನ ಪರಿಣಾಮ ದೀರ್ಘಕಾಲ ಉಳಿಯುವುದರಿಂದ ಅದನ್ನು ಸಾಧ್ಯವಾದಷ್ಟೂ ವರ್ಜಿಸಲಾಗುತ್ತದೆ. ಹತ್ತು ವರ್ಷಗಳ ಹಳೆಯ ಚೀಟಿಯನ್ನೇ ತೋರಿಸಿ ಈ ಮಾತ್ರೆಗಳನ್ನು ಖರೀದಿಸುತ್ತಿರುವವರು ಒಮ್ಮೆ ವೈದ್ಯರಿಂದ ಪುನರ್ ಪರಿಶೀಲನೆ ಮಾಡಿಸಿಕೊಳ್ಳತಕ್ಕದ್ದು.

3. ವೋಗ್ಲಿಬೋಸ್, ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್

ವೋಗ್ಲಿಬೋಸ್ ಊಟದ ನಂತರ ಏರುವ ಸಕ್ಕರೆಯನ್ನು ತಗ್ಗಿಸುತ್ತದೆ. ಹೊಟ್ಟೆಯುಬ್ಬರ, ವಾಯು ಇದರ ಸಾಮಾನ್ಯ ತೊಂದರೆಗಳು. ಗ್ಲಿಪ್ಟಿನ್ ಗುಂಪಿನ ಮಾತ್ರೆಗಳು ಬಹುತೇಕರಿಗೆ ಒಗ್ಗುತ್ತವೆ ಮತ್ತು ತಾವಾಗಿಯೇ ಸಕ್ಕರೆ ಕುಸಿತವನ್ನು ಉಂಟುಮಾಡುವುದು ಅಪರೂಪ. 2022ರ ರಾಷ್ಟ್ರೀಯ ಅವಶ್ಯಕ ಔಷಧಗಳ ಪಟ್ಟಿಯಲ್ಲಿ ಟೆನೆಲಿಗ್ಲಿಪ್ಟಿನ್ ಅನ್ನು ಸೇರಿಸಲಾಗಿದೆ. ಗ್ಲಿಪ್ಟಿನ್ ಸೇವಿಸುತ್ತಿರುವವರಲ್ಲಿ ವಿರಳವಾಗಿ ಕೀಲುನೋವು, ಚರ್ಮದ ಮೇಲೆ ಗುಳ್ಳೆಗಳು ಅಥವಾ ಬೆನ್ನಿಗೆ ಹರಡುವ ತೀವ್ರ ಹೊಟ್ಟೆನೋವು ಕಂಡುಬಂದಲ್ಲಿ ತಕ್ಷಣ ವೈದ್ಯರನ್ನು ಕಾಣಬೇಕು.

4. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್

ಇವು ಹೆಚ್ಚಾದ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಹೃದಯ ವೈಫಲ್ಯ ಹಾಗೂ ಮೂತ್ರಪಿಂಡದ ಕಾಯಿಲೆ ಉಲ್ಬಣಿಸುವುದನ್ನು ತಗ್ಗಿಸುತ್ತವೆ ಎಂಬುದು ದೊಡ್ಡ ಪ್ರಮಾಣದ ಪರೀಕ್ಷೆಗಳಲ್ಲಿ ಸಾಬೀತಾಗಿದೆ. ಭಾರತದಲ್ಲಿ ಮೊದಲನೆಯದರ ಪೇಟೆಂಟ್ 2020ರಲ್ಲಿ, ಎರಡನೆಯದರದ್ದು 2025ರ ಮಾರ್ಚ್‌ನಲ್ಲಿ ಮುಗಿದ ನಂತರ ಬೆಲೆ ಗಣನೀಯವಾಗಿ ಇಳಿದಿದೆ.

ಅಡ್ಡಪರಿಣಾಮಗಳು: ಜನನಾಂಗದ ಭಾಗದಲ್ಲಿ ಶಿಲೀಂಧ್ರದ ಸೋಂಕು, ತುರಿಕೆ, ಪದೇ ಪದೇ ಮೂತ್ರ ವಿಸರ್ಜನೆ, ನಿರ್ಜಲೀಕರಣ. ಸಂಕೋಚದಿಂದ ಅನೇಕರು, ವಿಶೇಷವಾಗಿ ಮಹಿಳೆಯರು, ತುರಿಕೆಯ ವಿಷಯವನ್ನು ಹೇಳದೆ ಮಾತ್ರೆಯನ್ನೇ ಬಿಡುತ್ತಾರೆ. ಶುಚಿತ್ವ ಮತ್ತು ಸರಳ ಚಿಕಿತ್ಸೆಯಿಂದ ಇದು ಗುಣವಾಗುತ್ತದೆ. ವಿರಳವಾದರೂ ಗಂಭೀರವಾದ ಇನ್ನೊಂದು ಪರಿಣಾಮವೆಂದರೆ, ಸಕ್ಕರೆ ಹೆಚ್ಚಿಲ್ಲದಿದ್ದರೂ ರಕ್ತವು ಆಮ್ಲೀಯವಾಗುವ ಸ್ಥಿತಿ. ವಾಂತಿ, ಹೊಟ್ಟೆನೋವು, ಏದುಸಿರು ಇದರ ಲಕ್ಷಣಗಳು. ದೀರ್ಘ ಉಪವಾಸ, ವಾಂತಿ ಭೇದಿ ಅಥವಾ ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ಅಪಾಯ ಹೆಚ್ಚುವುದರಿಂದ, ಯೋಜಿತ ಶಸ್ತ್ರಚಿಕಿತ್ಸೆಗೆ ಕನಿಷ್ಠ ಮೂರು ದಿನ ಮೊದಲು ವೈದ್ಯರು ಈ ಮಾತ್ರೆಗಳನ್ನು ನಿಲ್ಲಿಸಲು ಸೂಚಿಸುತ್ತಾರೆ.

5. ಇನ್ಸುಲಿನ್

1922ರಲ್ಲಿ ಕೆನಡಾದ ಟೊರಾಂಟೋದಲ್ಲಿ ಮೊದಲ ಬಾರಿಗೆ ರೋಗಿಗೆ ನೀಡಲಾದ ಇನ್ಸುಲಿನ್, ಒಂದನೇ ವಿಧದ ಮಧುಮೇಹ ಇರುವ ಮಕ್ಕಳಿಗೂ ವಯಸ್ಕರಿಗೂ ಜೀವಾಧಾರ. ಅವರು ಯಾವುದೇ ಕಾರಣಕ್ಕೂ ಒಂದು ದಿನವೂ ಇದನ್ನು ಪೂರ್ಣವಾಗಿ ನಿಲ್ಲಿಸುವಂತಿಲ್ಲ. ಎರಡನೇ ವಿಧದ ಮಧುಮೇಹದಲ್ಲಿ ಮಾತ್ರೆಗಳು ಸಾಲದಾದಾಗ ಇದನ್ನು ಸೇರಿಸಲಾಗುತ್ತದೆ. "ಇನ್ಸುಲಿನ್ ಕೊಟ್ಟರೆ ಕೊನೆಯ ಹಂತ" ಎಂಬ ನಂಬಿಕೆ ತಪ್ಪು.

ಸಕ್ಕರೆ ಕುಸಿತ, ತೂಕ ಹೆಚ್ಚುವಿಕೆ ಮತ್ತು ಒಂದೇ ಜಾಗದಲ್ಲಿ ಪದೇ ಪದೇ ಚುಚ್ಚುವುದರಿಂದ ಚರ್ಮದಡಿ ಗಂಟು ಉಂಟಾಗುವುದು ಇದರ ಅಡ್ಡಪರಿಣಾಮಗಳು. ಗಂಟಿರುವ ಜಾಗದಲ್ಲಿ ಚುಚ್ಚಿದ ಇನ್ಸುಲಿನ್ ಸರಿಯಾಗಿ ಹೀರಲ್ಪಡುವುದಿಲ್ಲವಾದ್ದರಿಂದ ಪ್ರತಿ ಬಾರಿಯೂ ಜಾಗವನ್ನು ಬದಲಿಸಬೇಕು. ತೆರೆಯದ ಇನ್ಸುಲಿನ್ ಅನ್ನು ಫ್ರಿಜ್ಜಿನ ಕೆಳ ಅರೆಯಲ್ಲಿ (2ರಿಂದ 8 ಡಿಗ್ರಿ ಸೆಲ್ಸಿಯಸ್) ಇಡಬೇಕು, ಹೆಪ್ಪುಗಟ್ಟಿದಲ್ಲಿ ಬಳಸಬಾರದು.

6. ರಕ್ತದೊತ್ತಡದ ಔಷಧಗಳು

ಅಮ್ಲೋಡಿಪಿನ್: ಕೆಲವರಲ್ಲಿ ಪಾದ ಮತ್ತು ಹಿಮ್ಮಡಿಯ ಸುತ್ತ ಊತ. ಎನಾಲಪ್ರಿಲ್, ರಾಮಿಪ್ರಿಲ್: ಒಣಕೆಮ್ಮು. ಕೆಮ್ಮಿನ ಸಿರಪ್ಪು ಕುಡಿದು ತಿಂಗಳುಗಟ್ಟಲೆ ಕಳೆಯುವ ಬದಲು ವೈದ್ಯರಿಗೆ ತಿಳಿಸಿದಲ್ಲಿ ಟೆಲ್ಮಿಸಾರ್ಟನ್ ಗುಂಪಿನ ಮಾತ್ರೆಗೆ ಬದಲಾಯಿಸುವುದು ಸಾಧ್ಯ. ಮೂತ್ರವರ್ಧಕಗಳು: ವೃದ್ಧರಲ್ಲಿ ಸೋಡಿಯಂ ಅಂಶ ಇಳಿದು ಗೊಂದಲ, ನಿಶ್ಶಕ್ತಿ. ಎಲ್ಲ ಮಾತ್ರೆಗಳಲ್ಲೂ ಎದ್ದು ನಿಂತಾಗ ತಲೆಸುತ್ತು ಬರಬಹುದು. ಆದ್ದರಿಂದ ಹಾಸಿಗೆಯಿಂದ ಏಳುವಾಗ ಕ್ಷಣಕಾಲ ಕುಳಿತು ನಂತರ ನಿಲ್ಲುವುದು ಒಳಿತು.

7. ಸ್ಟಾಟಿನ್ (ಅಟೋರ್ವಾಸ್ಟಾಟಿನ್, ರೊಸುವಾಸ್ಟಾಟಿನ್)

ಮೈಕೈ ನೋವಿನ ಭಯದಿಂದ ಅನೇಕರು ಬಿಟ್ಟುಬಿಡುವ ಔಷಧವಿದು. ಸ್ನಾಯುಗಳಿಗೆ ತೀವ್ರ ಹಾನಿ ಉಂಟಾಗುವುದು ನಿಜವಾದರೂ ಅತಿ ವಿರಳ. ಬ್ರಿಟನ್ನಿನಲ್ಲಿ 2020ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಅಡ್ಡಪರಿಣಾಮದ ಕಾರಣ ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಔಷಧಾಂಶವಿಲ್ಲದ ಖಾಲಿ ಮಾತ್ರೆ, ಕೆಲವು ತಿಂಗಳು ಯಾವ ಮಾತ್ರೆಯೂ ಇಲ್ಲದಂತೆ ಮಾಡಿ ನೋಡಲಾಯಿತು. ಸ್ಟಾಟಿನ್ ಸೇವಿಸುವಾಗ ಅನುಭವಿಸಿದ ತೊಂದರೆಯ ಶೇ. 90ರಷ್ಟು ಖಾಲಿ ಮಾತ್ರೆಯ ತಿಂಗಳುಗಳಲ್ಲೂ ಇತ್ತು. ಇದರ ಅರ್ಥ ನೋವು ಸುಳ್ಳೆಂದಲ್ಲ. ನೋವಿಗೆ ಬೇರೆ ಕಾರಣವಿರಬಹುದೆಂದು. ಪರೀಕ್ಷೆಯ ನಂತರ ಅವರಲ್ಲಿ ಅರ್ಧದಷ್ಟು ಜನರು ಔಷಧವನ್ನು ಪುನಃ ಆರಂಭಿಸಿದರು. ಸ್ಟಾಟಿನ್ ಮಧುಮೇಹದ ಸಂಭವವನ್ನು ಸ್ವಲ್ಪ ಹೆಚ್ಚಿಸುತ್ತದೆ ಎಂಬುದೂ ಸತ್ಯ. ಆದರೆ ಹೃದಯಾಘಾತದ ಅಪಾಯ ಇರುವವರಿಗೆ ಲಾಭವೇ ಅಧಿಕ. ತೀವ್ರ ಸ್ನಾಯುನೋವಿನೊಂದಿಗೆ ಮೂತ್ರ ಕಂದುಬಣ್ಣಕ್ಕೆ ತಿರುಗಿದಲ್ಲಿ ಮಾತ್ರೆಯನ್ನು ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

8. ಥೈರಾಕ್ಸಿನ್ ಮತ್ತು ಬೆಳಗಿನ ಕಾಫಿ

ಥೈರಾಯ್ಡ್ ಕೊರತೆಗೆ ನೀಡುವ ಥೈರಾಕ್ಸಿನ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ಸೇವಿಸಬೇಕು. ಎದ್ದ ಕೂಡಲೇ ಫಿಲ್ಟರ್ ಕಾಫಿಯೊಂದಿಗೆ ಮಾತ್ರೆಯನ್ನು ನುಂಗುವ ಅಭ್ಯಾಸ ನಮ್ಮಲ್ಲಿ ಸಾಮಾನ್ಯವಾಗಿದೆ. ಕಾಫಿಯು ಮಾತ್ರೆಯ ಹೀರಿಕೆಯನ್ನು ಕುಗ್ಗಿಸುತ್ತದೆ. ಪರಿಣಾಮವಾಗಿ ಔಷಧ "ಕೆಲಸ ಮಾಡುತ್ತಿಲ್ಲ" ಎಂದು ಪ್ರಮಾಣವನ್ನು ಏರಿಸಬೇಕಾಗಿ ಬರುತ್ತದೆ. ಮಾತ್ರೆಯ ನಂತರ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಫಿ, ತಿಂಡಿ ಬೇಡ. ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶದ ಮಾತ್ರೆಗಳಿಗೆ ನಾಲ್ಕು ಗಂಟೆಗಳ ಅಂತರವಿರಲಿ. ಪ್ರಮಾಣ ಹೆಚ್ಚಾದಲ್ಲಿ ಎದೆಬಡಿತ, ನಡುಕ, ನಿದ್ರಾಹೀನತೆ ಮತ್ತು ಕಾಲಕ್ರಮೇಣ ಮೂಳೆ ಸವೆತ ಉಂಟಾಗಬಹುದು.

9. ತೂಕ ಇಳಿಕೆಯ ಹೊಸ ಚುಚ್ಚುಮದ್ದುಗಳು

ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ ಮತ್ತು ತೂಕ ಇಳಿಕೆಗಾಗಿ ಬಳಸುವ ಸೆಮಾಗ್ಲುಟೈಡ್ ಚುಚ್ಚುಮದ್ದು 2025ರ ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಇವು ಹಸಿವನ್ನು ತಗ್ಗಿಸಿ, ಸಕ್ಕರೆ ಮತ್ತು ತೂಕ ಎರಡನ್ನೂ ಇಳಿಸುತ್ತವೆ. ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದ ಕಲ್ಲು ಮತ್ತು ವಿರಳವಾಗಿ ಮೇದೋಜೀರಕ ಗ್ರಂಥಿಯ ಉರಿಯೂತ ಗಂಭೀರ ಪರಿಣಾಮಗಳು. ಕೊಬ್ಬಿನೊಂದಿಗೆ ಸ್ನಾಯುವೂ ಕರಗುವುದರಿಂದ ಸಾಕಷ್ಟು ಬೇಳೆಕಾಳು, ಹಾಲಿನ ಪದಾರ್ಥ ಹಾಗೂ ವ್ಯಾಯಾಮ ಅವಶ್ಯ. ನಿಲ್ಲಿಸಿದ ಮೇಲೆ ಇಳಿದ ತೂಕದ ಬಹುಭಾಗ ಮರಳಿ ಬರುವುದುಂಟು. ಸಕ್ಕರೆ ಅತಿವೇಗವಾಗಿ ಇಳಿದಲ್ಲಿ ಮೊದಲೇ ಹಾನಿಗೊಂಡ ಅಕ್ಷಿಪಟಲದ ಸ್ಥಿತಿ ಹದಗೆಡಬಹುದಾದ್ದರಿಂದ, ಮಧುಮೇಹಿಗಳು ಚಿಕಿತ್ಸೆಗೆ ಮುನ್ನ ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಬೇಕು. ಗರ್ಭಿಣಿಯರು ಹಾಗೂ ಕುಟುಂಬದಲ್ಲಿ ಮೆಡುಲ್ಲರಿ ಎಂಬ ವಿಧದ ಥೈರಾಯ್ಡ್ ಕ್ಯಾನ್ಸರ್ ಇರುವವರು ಇವನ್ನು ಬಳಸಬಾರದು. ಮದುವೆ ಸಮಾರಂಭಕ್ಕೆ ಮುನ್ನ ಸಣ್ಣಗಾಗಲು ಬಳಸುವ ಸೌಂದರ್ಯ ಸಾಧನಗಳು ಇವಲ್ಲ. ನಕಲಿ ಸೆಮಾಗ್ಲುಟೈಡ್ ಕುರಿತು ವಿಶ್ವ ಆರೋಗ್ಯ ಸಂಸ್ಥೆಯು 2024ರ ಜೂನ್‌ನಲ್ಲಿ ಎಚ್ಚರಿಕೆ ನೀಡಿದೆ. ಆದುದರಿಂದ ಪರವಾನಗಿ ಇರುವ ಔಷಧ ಅಂಗಡಿಯಿಂದ ವೈದ್ಯರ ಚೀಟಿ ಹಾಗೂ ರಸೀದಿಯೊಂದಿಗೆ ಮಾತ್ರ ಖರೀದಿಸತಕ್ಕದ್ದು.

ಸಕ್ಕರೆ ಕುಸಿತ: ಮನೆಯವರೆಲ್ಲರೂ ತಿಳಿದಿರಬೇಕಾದ ವಿಷಯ

ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿ.ಗ್ರಾಂಗಿಂತ ಕಡಿಮೆಯಾದಲ್ಲಿ ಬೆವರು, ನಡುಕ, ಎದೆಬಡಿತ, ಸಿಡುಕು, ಮಂಪರು ಕಾಣಿಸಿಕೊಳ್ಳುತ್ತವೆ. ವೃದ್ಧರಲ್ಲಿ ಕೇವಲ ಗೊಂದಲದ ಮಾತು ಅಥವಾ ಬೀಳುವುದೇ ಮೊದಲ ಲಕ್ಷಣವಾಗಿರಬಹುದು. ಎಚ್ಚರವಿದ್ದಲ್ಲಿ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷದ ನಂತರ ಪುನಃ ಪರೀಕ್ಷಿಸಬೇಕು. ವೋಗ್ಲಿಬೋಸ್ ಸೇವಿಸುತ್ತಿರುವವರಿಗೆ ಸಾಧಾರಣ ಸಕ್ಕರೆ ತಡವಾಗಿ ಜೀರ್ಣವಾಗುವುದರಿಂದ ಗ್ಲೂಕೋಸ್ ಪುಡಿಯನ್ನೇ ನೀಡಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ 108ಕ್ಕೆ ಕರೆ ಮಾಡಬೇಕು. ಕೃಷ್ಣರಾವ್ ಉದ್ಯಾನ, ಲಾಲ್‌ಬಾಗ್ ಅಥವಾ ಸ್ಯಾಂಕಿ ಕೆರೆಯ ದಂಡೆಯಲ್ಲಿ ಬೆಳಗಿನ ನಡಿಗೆಗೆ ಹೋಗುವ ಮಧುಮೇಹಿಗಳು ಜೇಬಿನಲ್ಲಿ ಗ್ಲೂಕೋಸ್ ಪೊಟ್ಟಣ ಹಾಗೂ ತಮ್ಮ ಔಷಧಗಳ ಹೆಸರಿರುವ ಚೀಟಿಯನ್ನು ಇಟ್ಟುಕೊಳ್ಳುವುದು ಕ್ಷೇಮ.

ಉಪವಾಸ ಮತ್ತು ವ್ರತಗಳು

ಏಕಾದಶಿ, ನವರಾತ್ರಿ, ರಂಜಾನ್, ಪರ್ಯೂಷಣ ಮುಂತಾದ ಸಂದರ್ಭಗಳಲ್ಲಿ ಉಪವಾಸ ಆಚರಿಸುವವರು ಈ ಬಡಾವಣೆಗಳಲ್ಲಿ ಬಹಳಷ್ಟಿದ್ದಾರೆ. ಉಪವಾಸ ಮಾಡುವುದೋ ಬಿಡುವುದೋ ವ್ಯಕ್ತಿಯ ನಿರ್ಧಾರ. ಔಷಧದ ವೇಳೆ ಮತ್ತು ಪ್ರಮಾಣವನ್ನು ಬದಲಿಸುವುದು ಮಾತ್ರ ವೈದ್ಯರ ಕೆಲಸ. ಚಾಮರಾಜಪೇಟೆಯ ವಯಸ್ಸಾದ ಗೃಹಿಣಿಯೊಬ್ಬರು ಏಕಾದಶಿಯ ದಿನ ಊಟ ಬಿಟ್ಟು, "ಮಾತ್ರೆ ತಪ್ಪಿಸಬಾರದು" ಎಂಬ ಕಾಳಜಿಯಿಂದ ಗ್ಲಿಮೆಪಿರೈಡ್ ಅನ್ನು ಎಂದಿನಂತೆಯೇ ನುಂಗಿದರೆಂದು ಭಾವಿಸೋಣ. ಆಕೆಯ ಶಿಸ್ತೇ ಆಕೆಗೆ ಅಪಾಯ ತರುತ್ತದೆ. ರಂಜಾನ್‌ನಂತಹ ದೀರ್ಘ ಉಪವಾಸಕ್ಕೆ 6ರಿಂದ 8 ವಾರಗಳ ಮೊದಲೇ ವೈದ್ಯರೊಂದಿಗೆ ಸಮಾಲೋಚಿಸಬೇಕು. ಉಪವಾಸದಲ್ಲಿರುವಾಗ ಬೆರಳ ತುದಿಯ ರಕ್ತಪರೀಕ್ಷೆ ಮಾಡಿಕೊಳ್ಳುವುದಕ್ಕೆ ಹಿಂಜರಿಯಬಾರದು. ಸಕ್ಕರೆ 70ಕ್ಕಿಂತ ಕಡಿಮೆಯಾದಲ್ಲಿ ಉಪವಾಸವನ್ನು ಮುಗಿಸಬೇಕು.

ಗರ್ಭಿಣಿಯರಿಗೆ

ಗರ್ಭಿಣಿಯರೆಲ್ಲರಿಗೂ ಮೊದಲ ಭೇಟಿಯಲ್ಲಿ ಮತ್ತು 24ರಿಂದ 28ನೇ ವಾರದಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗಳ ನಂತರ ರಕ್ತಪರೀಕ್ಷೆ ಮಾಡಲಾಗುತ್ತದೆ. 140 ಮಿ.ಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ಗರ್ಭಾವಸ್ಥೆಯ ಮಧುಮೇಹವೆಂದು ಪರಿಗಣಿಸಿ, ಆಹಾರಕ್ರಮದಿಂದ ಆರಂಭಿಸಿ ಅಗತ್ಯವಿದ್ದಲ್ಲಿ ಔಷಧ ನೀಡಲಾಗುತ್ತದೆ. ಎನಾಲಪ್ರಿಲ್, ರಾಮಿಪ್ರಿಲ್ ಮತ್ತು ಟೆಲ್ಮಿಸಾರ್ಟನ್ ಭ್ರೂಣಕ್ಕೆ ಹಾನಿಕರ. ಸ್ಟಾಟಿನ್ ಔಷಧವನ್ನೂ ಸಾಮಾನ್ಯವಾಗಿ ಈ ಅವಧಿಯಲ್ಲಿ ನಿಲ್ಲಿಸಲಾಗುತ್ತದೆ. ಗರ್ಭಧಾರಣೆಯನ್ನು ಯೋಜಿಸುತ್ತಿರುವವರು ಮೊದಲೇ ವೈದ್ಯರಿಗೆ ತಿಳಿಸಿ ಮಾತ್ರೆ ಬದಲಾಯಿಸಿಕೊಳ್ಳಬೇಕು.

ಹೆಸರಿಲ್ಲದ ಪುಡಿಗಳ ಬಗ್ಗೆ ಎಚ್ಚರಿಕೆ

ಆಯುರ್ವೇದ ಅಥವಾ ಯುನಾನಿ ಔಷಧವನ್ನು ಪಡೆಯಲಿಚ್ಛಿಸುವವರು ನೋಂದಾಯಿತ ವೈದ್ಯರಿಂದ, ತಯಾರಕರ ಹೆಸರು, ಪರವಾನಗಿ ಸಂಖ್ಯೆ ಮತ್ತು ಅವಧಿ ನಮೂದಾಗಿರುವ ಔಷಧವನ್ನೇ ಪಡೆಯಬೇಕು. "ಒಂದೇ ತಿಂಗಳಲ್ಲಿ ಸಕ್ಕರೆ ಕಾಯಿಲೆ ನಿರ್ಮೂಲ" ಎಂದು ಮಾರಲಾಗುವ ಹೆಸರಿಲ್ಲದ ಪುಡಿಗಳಲ್ಲಿ ಅಲೋಪತಿಯ ಮಾತ್ರೆಗಳನ್ನೇ ಬೆರೆಸಿರುವುದು ಅಥವಾ ಸೀಸದಂತಹ ಭಾರಲೋಹಗಳಿರುವುದು ವಿವಿಧೆಡೆ ಪತ್ತೆಯಾಗಿದೆ. ಇವುಗಳ ಜೊತೆಗೆ ವೈದ್ಯರು ಕೊಟ್ಟ ಮಾತ್ರೆಯೂ ಸೇರಿದಲ್ಲಿ ಸಕ್ಕರೆ ಹಠಾತ್ತನೆ ಕುಸಿಯಬಹುದು. ಯಾವುದೇ ಪದ್ಧತಿಯ ಔಷಧ ಸೇವಿಸುತ್ತಿದ್ದರೂ ಎರಡೂ ಕಡೆಯ ವೈದ್ಯರಿಗೆ ತಿಳಿಸುವುದು ರೋಗಿಯ ಹಿತಕ್ಕಾಗಿಯೇ.

ಅಡ್ಡಪರಿಣಾಮವನ್ನು ವರದಿ ಮಾಡುವುದರಿಂದ ಪ್ರಯೋಜನವೇನು?

ಔಷಧಕ್ಕೆ ಅನುಮತಿ ದೊರೆತ ಮಾತ್ರಕ್ಕೆ ಅದರ ಪರಿಶೀಲನೆ ಮುಗಿಯುವುದಿಲ್ಲ. ಮಧುಮೇಹಕ್ಕೆ ಬಳಸಲಾಗುತ್ತಿದ್ದ ರೋಸಿಗ್ಲಿಟಜೋನ್ ಅನ್ನು ಹೃದಯದ ಮೇಲಿನ ಪರಿಣಾಮದ ಕಾರಣ 2010ರಲ್ಲಿ ಭಾರತದಲ್ಲಿ ನಿಷೇಧಿಸಲಾಯಿತು. ತೂಕ ಇಳಿಕೆಗೆ ನೀಡಲಾಗುತ್ತಿದ್ದ ಸಿಬುಟ್ರಮಿನ್ 2011ರಲ್ಲಿ ನಿಷೇಧಗೊಂಡಿತು. ಪಯೋಗ್ಲಿಟಜೋನ್ ಅನ್ನು 2013ರ ಜೂನ್‌ನಲ್ಲಿ ತಡೆಹಿಡಿದು, ಮುಂದಿನ ತಿಂಗಳೇ ಮೂತ್ರಕೋಶದ ಕ್ಯಾನ್ಸರ್ ಕುರಿತ ಎಚ್ಚರಿಕೆಯನ್ನು ಮುದ್ರಿಸಬೇಕೆಂಬ ಷರತ್ತಿನೊಂದಿಗೆ ಮರಳಿ ಅನುಮತಿಸಲಾಯಿತು. ಇಂತಹ ತೀರ್ಮಾನಗಳಿಗೆ ಆಧಾರವಾಗುವ ಮಾಹಿತಿಯಲ್ಲಿ ರೋಗಿಗಳು ಹೇಳಿದ, ವೈದ್ಯರು ಬರೆದುಕೊಂಡ ಅನುಭವಗಳೂ ಸೇರಿವೆ. ಮೌನವಾಗಿ ಬಿಟ್ಟ ಮಾತ್ರೆಯಿಂದ ಯಾರಿಗೂ ಮಾಹಿತಿ ದೊರೆಯುವುದಿಲ್ಲ.

ವರದಿ ಮಾಡುವ ವಿಧಾನ

2010ರಲ್ಲಿ ಆರಂಭವಾದ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದಡಿ ಯಾವುದೇ ನಾಗರಿಕರು ಉಚಿತವಾಗಿ ವರದಿ ಸಲ್ಲಿಸಬಹುದು.

1. ಶುಲ್ಕರಹಿತ ದೂರವಾಣಿ ಸಂಖ್ಯೆ 1800-180-3024ಕ್ಕೆ ಕರೆ ಮಾಡುವುದು.
2. ಗ್ರಾಹಕರಿಗಾಗಿ ಇರುವ ಅಡ್ಡಪರಿಣಾಮ ವರದಿ ನಮೂನೆಯನ್ನು ಭರ್ತಿ ಮಾಡುವುದು. ಈ ನಮೂನೆಯು ಕನ್ನಡದಲ್ಲಿಯೂ ಲಭ್ಯವಿದೆ.
3. ವೈದ್ಯಕೀಯ ಕಾಲೇಜುಗಳಲ್ಲಿರುವ ಅಡ್ಡಪರಿಣಾಮ ನಿಗಾ ಕೇಂದ್ರದಲ್ಲಿ ಅಥವಾ ತಮ್ಮ ವೈದ್ಯರ ಮೂಲಕ ತಿಳಿಸುವುದು.

ವರದಿಯಲ್ಲಿ ಔಷಧದ ಹೆಸರು, ಪ್ರಮಾಣ, ಸೇವನೆ ಆರಂಭಿಸಿದ ದಿನಾಂಕ, ತೊಂದರೆಯ ಸ್ವರೂಪ ಮತ್ತು ಅದು ಕಾಣಿಸಿಕೊಂಡ ದಿನಾಂಕವನ್ನು ನಮೂದಿಸಬೇಕು. ಔಷಧವೇ ಕಾರಣವೆಂದು ರುಜುವಾತುಪಡಿಸುವ ಹೊಣೆ ನಾಗರಿಕರದ್ದಲ್ಲ, ಸಂಶಯವಿದ್ದರೆ ಸಾಕು. ವರದಿದಾರರ ಗುರುತನ್ನು ಗೋಪ್ಯವಾಗಿಡಲಾಗುತ್ತದೆ.

ಚಿಕಿತ್ಸಾ ಸೇವೆಗಳು

ಅಸಾಂಕ್ರಾಮಿಕ ರೋಗಗಳ ನಿಯಂತ್ರಣಕ್ಕಾಗಿ 2010ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ಮೇಲ್ಪಟ್ಟವರಿಗೆ ರಕ್ತದೊತ್ತಡ ಮತ್ತು ಸಕ್ಕರೆ ತಪಾಸಣೆಯನ್ನು ಉಚಿತವಾಗಿ ಮಾಡಲಾಗುತ್ತದೆ. ನಗರ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹಾಗೂ 2022ರ ಡಿಸೆಂಬರ್‌ನಿಂದ ರಾಜ್ಯದಲ್ಲಿ ಆರಂಭಗೊಂಡ ನಮ್ಮ ಕ್ಲಿನಿಕ್‌ಗಳು ಮೊದಲ ಸಂಪರ್ಕ ಸ್ಥಳಗಳು. ಹೆಚ್ಚಿನ ಚಿಕಿತ್ಸೆ ಅಗತ್ಯವಿದ್ದಲ್ಲಿ ಕೆಳಕಂಡ ಸರ್ಕಾರಿ ಆಸ್ಪತ್ರೆಗಳನ್ನು ಸಂಪರ್ಕಿಸಬಹುದು.

- ಕೆ.ಸಿ. ಜನರಲ್ ಆಸ್ಪತ್ರೆ, ಮಲ್ಲೇಶ್ವರಂ: ಸಾಮಾನ್ಯ ವೈದ್ಯಕೀಯ ವಿಭಾಗ.
- ಜಯನಗರ ಜನರಲ್ ಆಸ್ಪತ್ರೆ: ಬಸವನಗುಡಿ ಭಾಗದವರಿಗೆ ಸಮೀಪ.
- ವಿಕ್ಟೋರಿಯಾ ಆಸ್ಪತ್ರೆ: ತಜ್ಞ ವೈದ್ಯರ ಸೇವೆ.
- ವಾಣಿ ವಿಲಾಸ ಆಸ್ಪತ್ರೆ: ಗರ್ಭಿಣಿಯರು ಮತ್ತು ಮಕ್ಕಳಿಗೆ.
- ಮಿಂಟೋ ಕಣ್ಣಿನ ಆಸ್ಪತ್ರೆ, ಚಾಮರಾಜಪೇಟೆ: ಮಧುಮೇಹಿಗಳು ದೃಷ್ಟಿ ಸರಿಯಾಗಿದ್ದರೂ ವರ್ಷಕ್ಕೊಮ್ಮೆ ಅಕ್ಷಿಪಟಲ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಮೊದಲ ಭೇಟಿಗೆ ಬರುವಾಗ ಗುರುತಿನ ಚೀಟಿ, ಪಡಿತರ ಚೀಟಿ, ಹಿಂದಿನ ಪರೀಕ್ಷಾ ವರದಿಗಳು ಮತ್ತು ಪ್ರಸ್ತುತ ಸೇವಿಸುತ್ತಿರುವ ಎಲ್ಲ ಔಷಧಗಳನ್ನು, ಖಾಲಿಯಾದ ಹಾಳೆಗಳನ್ನೂ ಒಳಗೊಂಡಂತೆ, ಒಂದು ಚೀಲದಲ್ಲಿ ತರತಕ್ಕದ್ದು. "ಬಿಳಿ ಮಾತ್ರೆ, ಸಣ್ಣದು" ಎಂಬ ವಿವರಣೆಯಿಂದ ವೈದ್ಯರಿಗೆ ಔಷಧವನ್ನು ಗುರುತಿಸಲಾಗದು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಆದ್ಯತಾ ಕುಟುಂಬಗಳಿಗೆ ವಾರ್ಷಿಕ 5 ಲಕ್ಷ ರೂಪಾಯಿವರೆಗೆ, ಇತರೆ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಂತೆ ವಾರ್ಷಿಕ 1.5 ಲಕ್ಷ ರೂಪಾಯಿವರೆಗೆ ನೆರವು ದೊರೆಯುತ್ತದೆ. ಇದು ಆಸ್ಪತ್ರೆಯಲ್ಲಿ ದಾಖಲಾಗಿ ಪಡೆಯುವ ನಿಗದಿತ ಚಿಕಿತ್ಸೆಗಳಿಗೆ ಸಂಬಂಧಿಸಿದೆ. ದಿನನಿತ್ಯದ ಮಾತ್ರೆಗಳಿಗೆ ಅನ್ವಯಿಸುವುದಿಲ್ಲ. ಮಾತ್ರೆಗಳನ್ನು ಹೊರಗೆ ಖರೀದಿಸುವವರು ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಪಡೆಯಬಹುದು.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸಕ್ಕರೆ ಮತ್ತು ರಕ್ತದೊತ್ತಡ ಸಹಜ ಮಟ್ಟಕ್ಕೆ ಬಂದಿದೆ. ಮಾತ್ರೆ ನಿಲ್ಲಿಸಬಹುದೇ?
ಉತ್ತರ: ಸಹಜ ಮಟ್ಟಕ್ಕೆ ಬಂದಿರುವುದು ಮಾತ್ರೆಯ ಫಲವಾಗಿರುತ್ತದೆ. ತೂಕ ಇಳಿಸಿಕೊಂಡವರಲ್ಲಿ ಪ್ರಮಾಣವನ್ನು ತಗ್ಗಿಸಲು, ಕೆಲವೊಮ್ಮೆ ನಿಲ್ಲಿಸಲು ಸಾಧ್ಯವಿದೆ. ಆದರೆ ಅದು ಪರೀಕ್ಷೆಗಳ ಆಧಾರದ ಮೇಲೆ ವೈದ್ಯರು ಮಾಡಬೇಕಾದ ನಿರ್ಧಾರ.

ಪ್ರಶ್ನೆ: ಮಾತ್ರೆಗಳಿಂದ ಮೂತ್ರಪಿಂಡ ಹಾಳಾಗುತ್ತದೆಯೇ?
ಉತ್ತರ: ನಿಯಂತ್ರಣವಿಲ್ಲದ ಮಧುಮೇಹ ಮತ್ತು ರಕ್ತದೊತ್ತಡವೇ ಮೂತ್ರಪಿಂಡ ವೈಫಲ್ಯದ ಪ್ರಮುಖ ಕಾರಣಗಳು. ಮೇಲ್ಕಂಡ ಔಷಧಗಳಲ್ಲಿ ಕೆಲವು ಮೂತ್ರಪಿಂಡವನ್ನು ರಕ್ಷಿಸುತ್ತವೆ. ವೈದ್ಯರ ಸಲಹೆಯಿಲ್ಲದೆ ದೀರ್ಘಕಾಲ ಸೇವಿಸುವ ನೋವು ನಿವಾರಕಗಳಿಂದ ಹಾನಿಯುಂಟಾಗಬಹುದು.

ಪ್ರಶ್ನೆ: ಒಂದು ಹೊತ್ತಿನ ಮಾತ್ರೆ ಮರೆತಲ್ಲಿ ಮುಂದಿನ ಹೊತ್ತಿಗೆ ಎರಡು ಸೇವಿಸಬಹುದೇ?
ಉತ್ತರ: ಕೂಡದು. ಎಂದಿನ ಪ್ರಮಾಣವನ್ನೇ ಸೇವಿಸಿ ಮುಂದುವರಿಯುವುದು.

ಪ್ರಶ್ನೆ: ನೆರೆಮನೆಯವರಿಗೆ ಒಗ್ಗಿದ ಮಾತ್ರೆಯನ್ನು ನಾನೂ ಸೇವಿಸಬಹುದೇ?
ಉತ್ತರ: ಕೂಡದು. ಹೊದಿಕೆಯ ಮೇಲೆ ಕೆಂಪು ಗೆರೆ ಇರುವ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಖರೀದಿಸಬಾರದು. ವಯಸ್ಸು, ಮೂತ್ರಪಿಂಡದ ಕಾರ್ಯ ಮತ್ತು ಇತರ ಕಾಯಿಲೆಗಳನ್ನು ಅವಲಂಬಿಸಿ ಔಷಧ ಬದಲಾಗುತ್ತದೆ.

ಸಾರ್ವಜನಿಕರಲ್ಲಿ ಮನವಿ

ಔಷಧ ಸೇವನೆಯಿಂದ ಯಾವುದೇ ತೊಂದರೆ ಕಂಡುಬಂದಲ್ಲಿ ಅದನ್ನು ಸಹಿಸಿಕೊಂಡು ಸುಮ್ಮನಿರುವುದೂ ಬೇಡ, ಹೇಳದೆ ನಿಲ್ಲಿಸುವುದೂ ಬೇಡ. ಮಾತ್ರೆಯನ್ನು ಬದಲಿಸಬಹುದು, ಪ್ರಮಾಣವನ್ನು ತಗ್ಗಿಸಬಹುದು, ವೇಳೆಯನ್ನು ಹೊಂದಿಸಬಹುದು. ಇವೆಲ್ಲವೂ ರೋಗಿ ಬಾಯಿಬಿಟ್ಟು ಹೇಳಿದಲ್ಲಿ ಮಾತ್ರ ಸಾಧ್ಯ. ಮುಂದಿನ ಭೇಟಿಗೆ ಹೋಗುವ ಮುನ್ನ ತಮಗಾಗಿರುವ ತೊಂದರೆಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು, ಕೊಠಡಿಯೊಳಗೆ ಹೋದ ಕೂಡಲೇ ವೈದ್ಯರಿಗೆ ನೀಡಬೇಕಾಗಿ ಕೋರಲಾಗಿದೆ.

ಸೂಚನೆ: ಈ ಲೇಖನವು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಇದನ್ನು ವೈದ್ಯರ ಸಲಹೆಗೆ ಬದಲಾಗಿ ಬಳಸಬಾರದು.